ಕವಿಯ ಮಾತು, ಕವಿಯ ಮನೆ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನಿಗೆ ಇಂಗ್ಲಿಷ್ ಕವಿಯೊಬ್ಬನ ಸಂಸಾರದ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಕೇಳತಕ್ಕ ಮಾತೇ. ನಾನು ಗುರುಗಳ ಮುಂದೆ ಕುಳಿತು ಕಲಿತದ್ದು ಕೇಶಿರಾಜನ ಸೂತ್ರ, ಕಂದ ವೃತ್ತಗಳ ಗಣವಿಭಾಗ, ರಸ ಅಲಂಕಾರಗಳ ಲಕ್ಷಣ. ಇಂಗ್ಲಿಷು ನನ್ನ ಪಾಲಿಗೆ ಪರೀಕ್ಷೆಗೆ ಬೇಕಾದಷ್ಟು ಮಾತ್ರ ಬಂದ ಭಾಷೆ. ಆದರೆ ನಮ್ಮಂಥವರಿಗೆಂದೇ ಬಿ. ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ ಒಂದು ಹಿತ್ತಲ ಬಾಗಿಲನ್ನು ತೆರೆದಿಟ್ಟರು. ‘ಇಂಗ್ಲಿಷ್ ಗೀತಗಳು’ ಎಂಬ ಆ ಚಿಕ್ಕ ಪುಸ್ತಕವನ್ನು ನಿಮ್ಮಲ್ಲಿ ಬಹುಮಂದಿ ಓದಿರುತ್ತೀರಿ. ಓದದವರು ಕೇಳಿಯಾದರೂ ಇರುತ್ತೀರಿ.

ಅದರಲ್ಲಿ ಎರಡು ಪದ್ಯಗಳು ನನ್ನನ್ನು ಬಿಟ್ಟದ್ದಿಲ್ಲ. ಒಂದು ‘ಕಾರಿಹೆಗ್ಗಡೆಯ ಮಗಳು’. ತಂದೆಯ ಕಣ್ಣು ತಪ್ಪಿಸಿ ನಲ್ಲನೊಡನೆ ಓಡಿಬಂದ ಹುಡುಗಿ ಬಿರುಗಾಳಿಯ ನೀರಿನಲ್ಲಿ ದೋಣಿಯೊಡನೆ ಮುಳುಗಿಹೋಗುವ ಕಥೆ. ಇನ್ನೊಂದು ಥಾಮಸ್ ಹುಡ್ ಎಂಬ ಕವಿಯ ಪದ್ಯದಿಂದ ಬಂದ ‘ದುಃಖಸೇತು’. ಬಾಳು ಸಾಕಾಗಿ ಸೇತುವೆಯಿಂದ ನೀರಿಗೆ ಬಿದ್ದ, ಹೆಸರು ತಿಳಿಯದ ಹೆಣ್ಣಿನ ಶವವನ್ನು ದಡಕ್ಕೆ ಎತ್ತಿ ಮಲಗಿಸುವ ಪದ್ಯ ಅದು. ಈ ಎರಡನೆಯದನ್ನು ತರಗತಿಯಲ್ಲಿ ಓದುವಾಗ ಒಂದು ಜಾಗದಲ್ಲಿ ನನ್ನ ಗಂಟಲು ಕಟ್ಟುತ್ತದೆ. ಹಿಂದಿನ ಬೆಂಚಿನ ಹುಡುಗರು ಆ ಜಾಗವನ್ನು ಕಂಡುಹಿಡಿದುಕೊಂಡಿದ್ದಾರೆ. ಅದು ಬರುವ ಮುನ್ನವೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇರಲಿ.

ಈ ಬಾಗಿಲಿನಿಂದ ಒಳಹೊಕ್ಕವನು ನಿಧಾನವಾಗಿ ಮೂಲದ ಕಡೆಗೂ ಕೈ ಚಾಚಿದೆ. ಅಧ್ಯಾಪಕರ ಕೊಠಡಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಇಂಗ್ಲಿಷ್ ಮೇಷ್ಟರು ಒಂದು ಕವನಸಂಕಲನವನ್ನು ಕೊಟ್ಟು, ಅರ್ಥವಾಗದ್ದನ್ನು ಬಿಡುವಿನ ಅವಧಿಯಲ್ಲಿ ಕೇಳಿ ಎಂದರು. ನಿಘಂಟನ್ನು ಮಡಿಲಲ್ಲಿಟ್ಟುಕೊಂಡು ಎರಡು ಬೇಸಗೆ ರಜಗಳನ್ನು ಷೆಲ್ಲಿ ಎಂಬ ಕವಿಯ ಜೊತೆ ಕಳೆದೆ. ಪರ್ಸಿ ಬಿಷ್ ಷೆಲ್ಲಿ: 1792ರಲ್ಲಿ ಸಸೆಕ್ಸ್ ಪ್ರಾಂತದ ಸಿರಿವಂತರ ಮನೆಯಲ್ಲಿ ಹುಟ್ಟಿದವನು, ಮೂವತ್ತು ತುಂಬುವುದರೊಳಗೆ ತೀರಿಕೊಂಡವನು. ಪ್ರೇಮವೆಂಬುದು ಈ ಜಗತ್ತನ್ನು ಒಳಗಿನಿಂದ ಬೆಳಗುವ ಒಂದು ದೈವೀಶಕ್ತಿ ಎಂದು ಅವನಷ್ಟು ನಂಬಿ ಹಾಡಿದವರು ಕಡಮೆ. ನಮ್ಮ ನವೋದಯದ ಹಿರಿಯರು ಅವನನ್ನು ಏಕೆ ಅಷ್ಟು ಪ್ರೀತಿಯಿಂದ ಓದಿದರು ಎಂಬುದು ನನಗೆ ಆಗ ತಿಳಿಯಿತು. ಇಷ್ಟು ಪ್ರೇಮವನ್ನು ಬಲ್ಲವನು ಮನೆಯವರನ್ನು ಎಷ್ಟು ಪ್ರೀತಿಸಿರಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಯಾರೂ ಹೇಳಿದ್ದಲ್ಲ, ನಾನೇ ಕಟ್ಟಿಕೊಂಡದ್ದು.

ಈ ಮಾತನ್ನು ಈಗ ತೆಗೆಯಲು ಕಾರಣ ನಮ್ಮ ಹತ್ತನೆಯ ತರಗತಿಯ ಒಬ್ಬ ಹುಡುಗಿ. ಅವಳ ಹತ್ತಿರ ಒಂದು ನೋಟುಪುಸ್ತಕವಿದೆ. ತನಗೆ ಹಿಡಿಸಿದ ಪದ್ಯಗಳನ್ನು, ಕನ್ನಡವಾಗಲಿ ಇಂಗ್ಲಿಷಾಗಲಿ, ದುಂಡು ಅಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅದನ್ನು ಎದೆಗೆ ಒತ್ತಿಕೊಂಡು ಬಂದು ನಿಂತಳು. ಷೆಲ್ಲಿಯ ಜೀವನವನ್ನು ಎಲ್ಲಿಯೋ ಓದಿದಳಂತೆ. “ಸಾರ್, ಇವನ ಪದ್ಯ ಇರೋ ಹಾಳೆ ಹರಿದುಬಿಡಲಾ?” ಎಂದಳು. ಮುಖ ಕೆಂಪಾಗಿತ್ತು. ಯಾರೋ ಅವಳಿಗೇ ಮೋಸ ಮಾಡಿದ ಹಾಗೆ. ನಾನು ಮೂವತ್ತು ವರ್ಷದಿಂದ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿಕೊಂಡು ಬಂದವನು. ಅಂದು ಮಾತ್ರ, “ನಾಳೆ ಹೇಳ್ತೀನಿ ಕಣಮ್ಮ” ಎಂದು ಸೈಕಲ್ ಹತ್ತಿ ಮನೆಗೆ ಬಂದುಬಿಟ್ಟೆ.

ಅವಳು ಓದಿದ್ದೇನು ಎಂಬುದನ್ನು ಮೊದಲು ನಿಮ್ಮ ಮುಂದಿಡಬೇಕು.

ಷೆಲ್ಲಿಗೆ ಹತ್ತೊಂಬತ್ತು. ನಾಸ್ತಿಕವಾದವನ್ನು ಸಮರ್ಥಿಸುವ ಒಂದು ಕಿರುಹೊತ್ತಗೆಯ ದೆಸೆಯಿಂದ 1811ರ ಮಾರ್ಚಿಯಲ್ಲಿ ಆಕ್ಸ್‌ಫರ್ಡಿನಿಂದ ಹೊರಬಿದ್ದಿದ್ದ. ತಂದೆಗೂ ಅವನಿಗೂ ಮಾತು ಮುರಿದಿತ್ತು. ಅವನ ತಂಗಿಯರ ಶಾಲೆಯಲ್ಲಿ ಹ್ಯಾರಿಯೆಟ್ ವೆಸ್ಟ್‌ಬ್ರೂಕ್ ಎಂಬ ಹುಡುಗಿ ಓದುತ್ತಿದ್ದಳು. ತಂದೆ ಲಂಡನ್ನಿನಲ್ಲಿ ಕಾಫಿ ಅಂಗಡಿ ನಡೆಸಿ ಹಣ ಮಾಡಿದವನು. ಅವಳಿಗೆ ಹದಿನಾರು. ಅದೇ ವರ್ಷದ ಆಗಸ್ಟಿನಲ್ಲಿ ಇಬ್ಬರೂ ಸ್ಕಾಟ್‌ಲೆಂಡಿಗೆ ಓಡಿಹೋಗಿ ಎಡಿನ್‌ಬರೋ ನಗರದಲ್ಲಿ ಮದುವೆಯಾದರು. ‘ಕಾರಿಹೆಗ್ಗಡೆಯ ಮಗಳು’ ಓದಿದವರಿಗೆ ಈ ದಾರಿ ಹೊಸದಲ್ಲ. ಇವರ ದೋಣಿ ಮಾತ್ರ ಆಗ ಮುಳುಗಲಿಲ್ಲ.

ಮರುವರ್ಷ ಗಂಡಹೆಂಡಿರು ಐರ್ಲೆಂಡಿಗೆ ಹೋದರು. ಅಲ್ಲಿಯ ಜನರಿಗೆ ಸ್ವಾತಂತ್ರ್ಯದ ಉಪದೇಶ ಮಾಡುವುದಕ್ಕೆ. ಷೆಲ್ಲಿ ತಾನು ಬರೆದ ಕರಪತ್ರಗಳನ್ನು ಡಬ್ಲಿನ್ನಿನ ಬೀದಿಯಲ್ಲಿ ಹೋಗುವವರ ಕೈಗೆ ತುರುಕುತ್ತಿದ್ದ. ಮಹಡಿಯ ಮೇಲಿನಿಂದ ಎಸೆಯುತ್ತಿದ್ದ. ಒಮ್ಮೆ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳ ಮುಸುಕಿನೊಳಕ್ಕೆ ಅವಳಿಗೆ ತಿಳಿಯದಂತೆ ಒಂದನ್ನು ಹಾಕಿದ. ಗಂಡ ಗಂಭೀರವಾಗಿ ಈ ಕೆಲಸ ಮಾಡುವುದನ್ನು ಕಂಡು ತನಗೆ ನಗು ತಡೆಯಲಾಗಲಿಲ್ಲವೆಂದು ಹ್ಯಾರಿಯೆಟ್ ಒಂದು ಕಾಗದದಲ್ಲಿ ಬರೆದಿದ್ದಾಳೆ. ಈ ನಗುವನ್ನು ದಯವಿಟ್ಟು ನೆನಪಿನಲ್ಲಿಡಿ. ಅವಳ ವಿಷಯ ಬರೆಯುವವರು ಅವಳ ಸಾವನ್ನು ಹೇಳುತ್ತಾರೆ, ನಗುವನ್ನು ಬಿಟ್ಟುಬಿಡುತ್ತಾರೆ.

1813ರಲ್ಲಿ ‘ಕ್ವೀನ್ ಮ್ಯಾಬ್’ ಎಂಬ ದೀರ್ಘಕಾವ್ಯ ಅಚ್ಚಾಯಿತು. ಅದರ ಅರ್ಪಣೆ ಹ್ಯಾರಿಯೆಟ್ಟಳಿಗೆ. ಅದೇ ವರ್ಷ ಹೆಣ್ಣುಮಗು ಹುಟ್ಟಿತು. ಕಾವ್ಯದ ನಾಯಕಿಯ ಹೆಸರನ್ನೇ ಮಗುವಿಗೂ ಇಟ್ಟರು: ಅಯಾಂತಿ. 1814ರ ಮಾರ್ಚಿಯಲ್ಲಿ, ಸ್ಕಾಟ್‌ಲೆಂಡಿನ ಮದುವೆಗೆ ಕಾನೂನಿನ ತೊಡಕು ಬಾರದಿರಲೆಂದು, ಲಂಡನ್ನಿನಲ್ಲಿ ಇನ್ನೊಮ್ಮೆ ಶಾಸ್ತ್ರೋಕ್ತವಾಗಿ ಮದುವೆಯಾದರು. ಒಬ್ಬಳನ್ನೇ ಎರಡು ಸಲ ಕೈಹಿಡಿದ ಹಾಗಾಯಿತು.

ಅದಾದ ನಾಲ್ಕೇ ತಿಂಗಳು. ಜುಲೈ 28ರ ಬೆಳಗಿನ ಜಾವ ಷೆಲ್ಲಿ ಬೇರೊಬ್ಬಳೊಡನೆ ಫ್ರಾನ್ಸಿಗೆ ಹೊರಟುಹೋದ. ಅವಳು ಮೇರಿ, ತತ್ವಜ್ಞಾನಿ ವಿಲಿಯಂ ಗಾಡ್‌ವಿನ್ನನ ಮಗಳು. ಮುಂದೆ ‘ಫ್ರಾಂಕೆನ್‌ಸ್ಟೈನ್’ ಬರೆದವಳು. ಅವಳಿಗೂ ಹದಿನಾರೇ. ಹ್ಯಾರಿಯೆಟ್ ಆಗ ಎರಡನೆಯ ಮಗುವಿಗೆ ಬಸುರಿ. ಹೊರಡುವ ಮುನ್ನ ಮೇರಿಗೆ ಅವನು ಕೊಟ್ಟ ಕಾಣಿಕೆ ಯಾವುದು ಗೊತ್ತೆ? ‘ಕ್ವೀನ್ ಮ್ಯಾಬ್’ ಪುಸ್ತಕದ ಒಂದು ಪ್ರತಿ. ಹ್ಯಾರಿಯೆಟ್ಟಳಿಗೆ ಎಂಬ ಅರ್ಪಣೆ ಅಚ್ಚಾಗಿರುವ ಅದೇ ಪುಸ್ತಕ. ಮೇರಿ ಅದರ ಕೊನೆಯ ಖಾಲಿ ಹಾಳೆಯಲ್ಲಿ ತನ್ನ ಪ್ರೇಮವನ್ನು ಬರೆದುಕೊಂಡಳು. ಆ ಪ್ರತಿ ಇಂದಿಗೂ ಅಮೆರಿಕದ ಒಂದು ಗ್ರಂಥಾಲಯದಲ್ಲಿದೆ.

ಮುಂದಿನದು ಇನ್ನೂ ವಿಚಿತ್ರ. ಆಗಸ್ಟ್ 13ರಂದು ಫ್ರಾನ್ಸಿನ ತ್ರ್ವಾ ಎಂಬ ಊರಿನಿಂದ ಅವನು ಹೆಂಡತಿಗೆ ಕಾಗದ ಬರೆದ. ನೀನೂ ಸ್ವಿಟ್ಸರ್‌ಲೆಂಡಿಗೆ ಬಾ, ಅಲ್ಲಿ ನಿನ್ನ ಹಿತವನ್ನು ಬಯಸುವ ಒಬ್ಬ ಸ್ಥಿರಮಿತ್ರನಾದರೂ ನಿನಗಿರುತ್ತಾನೆ ಎಂದು ಆಹ್ವಾನ. ಬರುವಾಗ ಕೆಲವು ದಸ್ತಾವೇಜುಗಳನ್ನು ತರುವಂತೆ ಸೂಚನೆ ಬೇರೆ. ಲಂಡನ್ನಿಗೆ ಹಿಂದಿರುಗಿದ ಮೇಲೆ ಹಣ ಬೇಕೆಂದು ಅವಳಿಗೇ ಬರೆದ. ಕಾಲುಚೀಲ, ಕರವಸ್ತ್ರ ಕಳಿಸೆಂದು ಕೇಳಿದ. ಬಿಟ್ಟುಹೋದ ಗಂಡ ಬಿಡಲ್ಪಟ್ಟ ಹೆಂಡತಿಯನ್ನು ಕಾಲುಚೀಲ ಕೇಳುತ್ತಾನೆ! ಇದನ್ನು ಓದಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಪಟಿಯಾದವನು ಹೀಗೆ ಬರೆಯುವುದಿಲ್ಲ. ತಾನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದವನು ಮಾತ್ರ ಹೀಗೆ ಬರೆದಾನು.

ನವೆಂಬರಿನಲ್ಲಿ ಗಂಡುಮಗು ಹುಟ್ಟಿತು, ಚಾರ್ಲ್ಸ್. ತಾನು ಪ್ರೀತಿಸಿದ್ದ ಮನುಷ್ಯ ಸತ್ತೇಹೋದನೆಂದು ಹ್ಯಾರಿಯೆಟ್ ಆ ದಿನಗಳಲ್ಲಿ ಡಬ್ಲಿನ್ನಿನ ಗೆಳತಿಗೆ ಬರೆದಳು. ನ್ಯಾಯವಾಗಿ ಹೇಳಬೇಕಾದ ಒಂದು ಮಾತುಂಟು: ಮರುವರ್ಷ ಅಜ್ಜನ ಆಸ್ತಿಯ ದೆಸೆಯಿಂದ ಷೆಲ್ಲಿಯ ಕೈಯಲ್ಲಿ ಹಣವಾಡಿದಾಗ ಅವಳಿಗೆ ವರ್ಷಕ್ಕೆ 200 ಪೌಂಡಿನ ವ್ಯವಸ್ಥೆ ಮಾಡಿದ. ಹಣದ ವಿಷಯದಲ್ಲಿ ಅವನ ಕೈ ಬಿಗಿಯಲ್ಲ. ಬಡಬಗ್ಗರಿಗೆ ಕೊಟ್ಟು ತಾನು ಸಾಲಗಾರನಾದವನು.

1816ರ ಡಿಸೆಂಬರ್ 10. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸರ್ಪೆಂಟೈನ್ ಎಂಬ ಕೊಳವಿದೆ. ಅಲ್ಲಿ ಒಂದು ಹೆಣ್ಣಿನ ಶವ ತೇಲಿತು. ಮರ್ಯಾದಸ್ಥರ ಮನೆಯ ಹೆಂಗಸು, ತುಂಬಿದ ಬಸುರಿ, ಬೆರಳಲ್ಲಿ ಬೆಲೆಬಾಳುವ ಉಂಗುರವಿತ್ತು ಎಂದು ಪತ್ರಿಕೆಯಲ್ಲಿ ಬಂತು. ವಿಚಾರಣೆಯ ದಾಖಲೆಯಲ್ಲಿ ಅವಳ ಹೆಸರು ಹ್ಯಾರಿಯೆಟ್ ಸ್ಮಿತ್ ಎಂದಿದೆ. ಕೊನೆಯ ದಿನಗಳಲ್ಲಿ ಅವಳು ಆ ಹೆಸರಿನಲ್ಲಿ ಬೇರೆ ಬಿಡಾರದಲ್ಲಿದ್ದಳು. ನಿಜವಾದ ಹ್ಯಾರಿಯೆಟ್ಟಳಿಗೆ ಇಪ್ಪತ್ತೊಂದು ವರ್ಷ. ಅವಳು ಬಿಟ್ಟ ಕಾಗದದಲ್ಲಿ ಅಕ್ಕನ ಕ್ಷಮೆ ಕೇಳಿದ್ದಾಳೆ. ಗಂಡನಿಗೂ ನಾಲ್ಕು ಮಾತು ಬರೆದು, ಅಯಾಂತಿಯನ್ನು ಅಕ್ಕನ ಹತ್ತಿರವೇ ಬಿಡೆಂದು ಬೇಡಿದ್ದಾಳೆ. ಅವನು ಸುಖವಾಗಿರಲೆಂದು ಹರಸಿದ್ದಾಳೆ.

ಡಿಸೆಂಬರ್ 15ರಂದು ಷೆಲ್ಲಿಗೆ ಸುದ್ದಿ ತಿಳಿಯಿತು. ಮರುದಿನ ಮೇರಿಗೆ ಬರೆದ ಕಾಗದದಲ್ಲಿ ದೋಷವನ್ನೆಲ್ಲ ಹ್ಯಾರಿಯೆಟ್ಟಳ ಅಕ್ಕನ ತಲೆಗೆ ಕಟ್ಟಿ, ತೀರಿಕೊಂಡವಳ ನಡತೆಯ ಮೇಲೂ ಮಾತಾಡಿದ. ಡಿಸೆಂಬರ್ 30ರಂದು ಮೇರಿಯನ್ನು ಮದುವೆಯಾದ. ಶವ ಸಿಕ್ಕಿದ ದಿನಕ್ಕೂ ಮದುವೆಗೂ ನಡುವೆ ಇಪ್ಪತ್ತು ದಿನ. ಮಕ್ಕಳು ತನಗೆ ಬೇಕೆಂದು ಕೋರ್ಟಿಗೆ ಹೋದ. 1817ರ ಮಾರ್ಚಿಯಲ್ಲಿ ನ್ಯಾಯಾಧೀಶ ಎಲ್ಡನ್ ಪ್ರಭು ಕೊಡಲಿಲ್ಲ.

ನಮ್ಮ ಹುಡುಗಿ ಓದಿದ್ದು ಇದನ್ನು. ಹಾಳೆ ಹರಿಯುವ ಮನಸ್ಸು ಬಂದದ್ದರಲ್ಲಿ ಆಶ್ಚರ್ಯವೇನು? ಅವಳಿಗಿಂತ ದೊಡ್ಡವರಿಗೂ ಹಾಗಾಗಿದೆ. 1886ರಲ್ಲಿ ಡೌಡನ್ ಎಂಬ ವಿದ್ವಾಂಸ ಎರಡು ಸಂಪುಟಗಳಲ್ಲಿ ಷೆಲ್ಲಿಯ ಚರಿತ್ರೆ ಬರೆದ. ಷೆಲ್ಲಿಯ ಮನೆತನದವರ ನೆರವಿನಿಂದ, ಕವಿಯ ಮೇಲಿನ ಪ್ರೀತಿಯಿಂದ ಬರೆದದ್ದು. ಅದನ್ನು ಓದಿದ ಮ್ಯಾಥ್ಯೂ ಆರ್ನಾಲ್ಡನಂಥ ಗಂಭೀರ ವಿಮರ್ಶಕನಿಗೆ, ಇದನ್ನೆಲ್ಲ ತಿಳಿಯದೆ ಇದ್ದಿದ್ದರೇ ಚೆನ್ನಾಗಿತ್ತು ಎನ್ನಿಸುವಷ್ಟು ಬೇಸರವಾಯಿತು; 1888ರ ಅವನ ಲೇಖನದಲ್ಲಿ ಆ ಬೇಸರ ತುಂಬಿದೆ. ಅಮೆರಿಕದ ಹಾಸ್ಯಗಾರ ಮಾರ್ಕ್ ಟ್ವೇನನಿಗೆ ಬಂದದ್ದು ಬೇಸರವಲ್ಲ, ಕೋಪ. 1894ರಲ್ಲಿ ಅವನು ಹ್ಯಾರಿಯೆಟ್ಟಳ ಪರವಾಗಿ ವಕಾಲತ್ತು ವಹಿಸಿ, ಡೌಡನ್ನನ ಸಿಹಿಮಾತುಗಳನ್ನು ಒಂದೊಂದಾಗಿ ಬಿಡಿಸಿ ಕೇಳಿದ: ಗಂಡ ದಾರಿ ಬಿಟ್ಟದ್ದಕ್ಕೆ ಹೆಂಡತಿಯ ಟೋಪಿ ಉಡುಪಿನ ಖರ್ಚು ಹೇಗೆ ಕಾರಣವಾಯಿತು ಸ್ವಾಮಿ ಎಂಬ ಧಾಟಿಯಲ್ಲಿ. ಸತ್ತು ಎಪ್ಪತ್ತೆಂಟು ವರ್ಷದ ಮೇಲೆ ಆ ಹುಡುಗಿಗೆ ಸಿಕ್ಕಿದ ವಕೀಲ ಒಬ್ಬ ನಗೆಗಾರ.

ಪಂಡಿತ ಪರಂಪರೆಯಲ್ಲಿ ಬೆಳೆದ ನನ್ನ ಬಾಯಿಗೆ ಮೊದಲು ಬಂದ ಉತ್ತರ ನಿಮಗೂ ತೋರಬಹುದು. ಕಾವ್ಯ ಬೇರೆ, ಕವಿ ಬೇರೆ. ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕ ಶ್ಲೋಕವಾಯಿತು ಎಂದಾಗ, ಅದನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬೇಡಿ ಎಂದು ಅಭಿನವಗುಪ್ತ ಎಚ್ಚರಿಸುತ್ತಾನೆ. ಸ್ವಂತದ ದುಃಖ ದುಃಖವೇ. ಅದು ನನ್ನದು ನಿನ್ನದು ಎಂಬ ಕಟ್ಟನ್ನು ಕಳಚಿದ ಮೇಲೆ ರಸ. ನೇಮಿಚಂದ್ರ ‘ಲೀಲಾವತಿ’ಯಲ್ಲಿ ಶೃಂಗಾರದ ಹೊಳೆ ಹರಿಸಿದ. ಅವನು ಮನೆಯಲ್ಲಿ ಹೇಗಿದ್ದನೆಂದು ಎಂಟು ನೂರು ವರ್ಷದಲ್ಲಿ ಯಾರಾದರೂ ಕೇಳಿದ್ದುಂಟೆ? ಅವನ ಕಾಗದಗಳೂ ನಮಗೆ ದೊರೆತಿಲ್ಲ, ಕಾಲುಚೀಲಗಳೂ ದೊರೆತಿಲ್ಲ. ನಮ್ಮ ಪುಣ್ಯ.

ಆದರೆ ಈ ಉತ್ತರವನ್ನು ಹಿಡಿದು ಅರ್ಧ ದಾರಿ ಹೋಗುವಷ್ಟರಲ್ಲಿ ಅದು ನನ್ನ ಕೈ ಬಿಟ್ಟಿತು. ನೇಮಿಚಂದ್ರ ಕಂದರ್ಪನ ಪ್ರೇಮವನ್ನು ಹೇಳಿದ, ತನ್ನದನ್ನಲ್ಲ. ನಡುವೆ ಕಥೆಯೆಂಬ ಗೋಡೆಯಿತ್ತು. ಷೆಲ್ಲಿಯಂಥ ಕವಿಯು ‘ನಾನು’ ಎನ್ನುತ್ತಾನೆ. ಇಂಥವಳಿಗೆ ಎಂದು ಬದುಕಿರುವ ಹೆಣ್ಣಿನ ಹೆಸರನ್ನು ಪುಸ್ತಕದ ಮೊದಲಲ್ಲಿ ಅಚ್ಚು ಹಾಕಿಸುತ್ತಾನೆ. ತನ್ನ ಬಾಳನ್ನೇ ಸಾಕ್ಷಿಗೆ ಕರೆದವನು, ನೀವು ಸಾಕ್ಷಿಯನ್ನು ಪ್ರಶ್ನೆ ಮಾಡಕೂಡದು ಎಂದರೆ ಹೇಗೆ? ಬೀದಿಯಲ್ಲಿ ಹೋಗುತ್ತಿದ್ದ ನಮ್ಮನ್ನು ಒಳಗೆ ಬನ್ನಿ ಎಂದು ಕರೆದವನು ಅವನೇ.

ನಮಗೆ, ಕನ್ನಡದವರಿಗೆ, ಇದರಲ್ಲಿ ಇನ್ನೂ ಒಂದು ತೊಡಕುಂಟು. 1942ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂದಂದಿನಿಂದ ಪ್ರೇಮಗೀತೆ ಎಂದರೆ ಗಂಡಹೆಂಡಿರ ಮನೆಯ ಮಾತು, ಮಾವನ ಮನೆ, ತೌರೂರಿನ ದಾರಿ ಎಂದು ನಮಗೆ ಅಭ್ಯಾಸವಾಗಿಹೋಗಿದೆ. ಪದ್ಯದೊಳಗಿನ ಮನೆಯೂ ಕವಿಯ ಮನೆಯೂ ಒಂದೇ ಎಂದು ನಂಬಿ ಓದಿದವರು ನಾವು. ಅದೇ ಕಣ್ಣಿನಿಂದ ಷೆಲ್ಲಿಯನ್ನು ನೋಡಿದರೆ ಎಡವದೆ ಮತ್ತೇನಾಗುತ್ತದೆ?

ಹಾಗಾದರೆ ಇವನ ಪ್ರೇಮಕಾವ್ಯವೆಲ್ಲ ಸುಳ್ಳು ಎಂಬ ಎರಡನೆಯ ಉತ್ತರಕ್ಕೆ ಹೋಗೋಣವೆ? ಅದೂ ನಿಲ್ಲುವುದಿಲ್ಲ. ಅವನು ಸುಳ್ಳು ಹೇಳಲಿಲ್ಲ; ಅದೇ ಕಷ್ಟ. ಮದುವೆಯೆಂಬ ಕಟ್ಟಿನಲ್ಲಿ ಪ್ರೇಮ ಸಾಯುತ್ತದೆ, ಪ್ರೇಮ ಹೋದ ಮೇಲೆ ಕೂಡಿರುವುದು ಅಧರ್ಮ ಎಂದು ಹ್ಯಾರಿಯೆಟ್ಟಳಿಗೆ ಅರ್ಪಿಸಿದ ಆ ‘ಕ್ವೀನ್ ಮ್ಯಾಬ್’ ಕಾವ್ಯದ ಟಿಪ್ಪಣಿಯಲ್ಲೇ ಬರೆದಿದ್ದ. ಹೇಳಿದ್ದನ್ನೇ ಮಾಡಿದ. ಅರ್ಪಣೆಯನ್ನು ಓದಿ ಕಣ್ತುಂಬಿಕೊಂಡ ಹದಿನೇಳರ ಹುಡುಗಿ ಹಿಂದಿನ ಪುಟಗಳ ಟಿಪ್ಪಣಿ ತನಗೂ ಅನ್ವಯಿಸುತ್ತದೆಂದು ಹೇಗೆ ತಿಳಿದಾಳು?

1821ರಲ್ಲಿ ಇಟಲಿಯ ಪೀಸಾ ನಗರದಲ್ಲಿದ್ದಾಗ ಇನ್ನೊಂದಾಯಿತು. ಎಮಿಲಿಯಾ ವಿವಿಯಾನಿ ಎಂಬ ಪ್ರಭುಮನೆತನದ ಕನ್ಯೆಯನ್ನು, ಮದುವೆ ಗೊತ್ತಾಗುವ ತನಕ ತಂದೆ ಕನ್ಯಾಮಠದಲ್ಲಿ ಇಟ್ಟಿದ್ದ. ಷೆಲ್ಲಿ ಅವಳನ್ನು ಕಂಡು ‘ಎಪಿಸೈಕಿಡಿಯನ್’ ಎಂಬ ಕಾವ್ಯ ಬರೆದ. ಅವನ ಪ್ರೇಮಕಾವ್ಯಗಳಲ್ಲಿ ಇದು ಶಿಖರವೆಂದು ಬಲ್ಲವರು ಹೇಳುತ್ತಾರೆ. ನಿಘಂಟಿನ ನೆರವಿನಿಂದ ಓದಿದ ನನಗೂ ತಲೆ ತಿರುಗಿತು. ಪ್ರೇಮವನ್ನು ಎಷ್ಟು ಜನಕ್ಕೆ ಹಂಚಿದರೂ ಅದು ಕುಗ್ಗುವುದಿಲ್ಲ ಎಂಬ ವಾದ ಅದರಲ್ಲಿದೆ. ಇರಬಹುದು. ಪ್ರೇಮ ಕುಗ್ಗದಿರಬಹುದು, ಆದರೆ ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ, ಜ್ವರ ಬಂದ ಮಗುವಿನ ಪಕ್ಕದಲ್ಲಿ ಎಚ್ಚರವಿರುವವರು ಒಬ್ಬರೇ. ಮೇರಿ ಅಷ್ಟರಲ್ಲಿ ಇಟಲಿಯ ಮಣ್ಣಿನಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡಿದ್ದಳು: 1818ರಲ್ಲಿ ವೆನಿಸ್ಸಿನಲ್ಲಿ ಕ್ಲಾರಾ, 1819ರಲ್ಲಿ ರೋಮಿನಲ್ಲಿ ವಿಲಿಯಂ. ಎಮಿಲಿಯಾ ಅದೇ ವರ್ಷ ತಂದೆ ಗೊತ್ತುಮಾಡಿದ ವರನನ್ನು ಮದುವೆಯಾದಳು. ಮರುವರ್ಷ ಷೆಲ್ಲಿ ಸ್ನೇಹಿತನಿಗೆ ಬರೆದ: ಆ ಕಾವ್ಯದ ಕಡೆ ತನಗೆ ತಿರುಗಿ ನೋಡಲಾಗದು, ತಾನು ದೇವಿಯೆಂದುಕೊಂಡದ್ದು ಬರಿಯ ಮೋಡವಾಗಿತ್ತು. ನಮ್ಮ ನಿರಾಶೆಗಿಂತ ಅವನ ನಿರಾಶೆ ಮುಂಚಿನದು. ಇದಾದ ಕೆಲವೇ ವಾರಗಳಲ್ಲಿ, 1822ರ ಜುಲೈ 8ರಂದು, ಸ್ಪೆಜಿಯಾ ಕೊಲ್ಲಿಯ ಬಿರುಗಾಳಿಯಲ್ಲಿ ದೋಣಿ ಮುಳುಗಿ ತೀರಿಕೊಂಡ.

ಮೇರಿ 1839ರಲ್ಲಿ ಗಂಡನ ಕಾವ್ಯಗಳನ್ನೆಲ್ಲ ಸಂಪಾದಿಸಿ ಟಿಪ್ಪಣಿಗಳೊಡನೆ ಅಚ್ಚು ಹಾಕಿಸಿದಳು. ಹಿರಿಯ ಕಾವ್ಯಗಳಿಗೆಲ್ಲ ಅವು ಹುಟ್ಟಿದ ಸಂದರ್ಭವನ್ನು ಬರೆದಳು. ‘ಎಪಿಸೈಕಿಡಿಯನ್’ ಕಾವ್ಯವನ್ನು ಬಿಡದೆ ಸೇರಿಸಿದಳು. ಅದರ ಮೇಲೆ ಒಂದು ಮಾತನ್ನೂ ಬರೆಯಲಿಲ್ಲ. ನಾನು ಕಂಡ ವ್ಯಾಖ್ಯಾನಗಳಲ್ಲಿ ಇಷ್ಟು ಹೇಳುವ ವ್ಯಾಖ್ಯಾನ ಇನ್ನೊಂದಿಲ್ಲ.

ಇಷ್ಟನ್ನು ಆ ರಾತ್ರಿ ಊಟದ ಹೊತ್ತಿನಲ್ಲಿ ಮನೆಯವಳಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಸ್ವರ ಏರಿತೆಂದು ತೋರುತ್ತದೆ. ಅವಳು ಮಜ್ಜಿಗೆ ಬಡಿಸುತ್ತ, “ನೀವು ಯಾಕ್ರೀ ಅಷ್ಟು ಕೂಗಾಡ್ತೀರಿ?” ಎಂದಳು. ಅಷ್ಟೇ. ಮುಂದೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸಂಗತಿ ಇದು. ಮದುವೆಯಾದ ಹೊಸದರಲ್ಲಿ ನನಗೂ ಪದ್ಯ ಬರೆಯುವ ಹುಚ್ಚಿತ್ತು. ಅವಳು ಚೊಚ್ಚಲ ಬಾಣಂತನಕ್ಕೆ ತೌರಿಗೆ ಹೋಗಿದ್ದಳು. ನಾನು ಇಲ್ಲಿ ಬಾಡಿಗೆಯ ಕೋಣೆಯಲ್ಲಿ ಕುಳಿತು, ಅಗಲಿದ ನಲ್ಲೆಯನ್ನು ಕುರಿತು ಭಾಮಿನಿ ಷಟ್ಪದಿಯಲ್ಲಿ ಹನ್ನೆರಡು ಪದ್ಯ ಬರೆದೆ. ಪ್ರಾಸ ಒಂದೆರಡು ಕಡೆ ಹಟ ಮಾಡಿತು. ತಿದ್ದಿದೆ, ಮತ್ತೆ ತಿದ್ದಿದೆ. ಆ ನಡುವೆ ಅವಳಿಂದ ಕಾಗದ ಬಂತು: ಮಗುವಿಗೆ ಮೈ ಸರಿಯಿಲ್ಲ, ಒಮ್ಮೆ ಬಂದುಹೋಗಿ, ಆಗದಿದ್ದರೆ ನಾಲ್ಕು ಸಾಲು ಬರೆಯಿರಿ. ಉತ್ತರ ಬರೆಯಲು ನನಗೆ ಮೂರು ವಾರ ಹಿಡಿಯಿತು. ವಿರಹದ ಪದ್ಯ ತಿದ್ದುವುದರಲ್ಲಿ ಬಿಡುವಾಗಲಿಲ್ಲ! ಮಗುವೇನೋ ದೇವರ ದಯದಿಂದ ಚೇತರಿಸಿಕೊಂಡಿತು. ಪದ್ಯ ಊರಿನ ವಾರಪತ್ರಿಕೆಯಲ್ಲಿ ಬಂತು. ಹೃದಯದಿಂದ ಬಂದದ್ದು ಎಂದು ಇಬ್ಬರು ಹೊಗಳಿದರು. ಹೃದಯದಿಂದಲೇ ಬಂದಿತ್ತು, ಅದರಲ್ಲಿ ಸಂದೇಹವಿಲ್ಲ. ಆ ಪತ್ರಿಕೆಯ ಹಾಳೆ ಇಂದಿಗೂ ಅವಳ ಟ್ರಂಕಿನ ತಳದಲ್ಲಿದೆ. ಕಾಪಿಟ್ಟದ್ದೋ, ಸೀರೆಗೆ ತುಕ್ಕು ಹತ್ತದಿರಲೆಂದು ಹಾಸಿದ್ದೋ, ಕೇಳುವ ಧೈರ್ಯ ನನಗಾಗಿಲ್ಲ.

ಕೈ ತೊಳೆದು ಬಂದು ಕುಳಿತಾಗ ಅವಳು ಇನ್ನೊಂದು ಪ್ರಶ್ನೆ ಹಾಕಿದಳು. “ಇಷ್ಟೆಲ್ಲ ಓದಿದ್ದೀರಲ್ಲ, ಆ ಹುಡುಗಿ ಏನಾದರೂ ಬರೆದಿಟ್ಟಿದ್ದಾಳೆಯೇ? ಅವಳದು ಅಂತ ಏನು ಉಳಿದಿದೆ?” ನೋಡಿ, ಆರ್ನಾಲ್ಡನಾಗಲಿ ನಾನಾಗಲಿ ಕೇಳಿಕೊಳ್ಳದ ಪ್ರಶ್ನೆ. ನಾವೆಲ್ಲ ಕವಿಯಿಂದ ನಮಗಾದ ನಿರಾಶೆಯ ಲೆಕ್ಕ ಹಾಕುತ್ತ ಕುಳಿತಿದ್ದೆವು.

ಉಳಿದಿದೆ. ಅವಳ ಕೆಲವು ಕಾಗದಗಳುಳಿದಿವೆ. ಅದಕ್ಕಿಂತ ದೊಡ್ಡದು ಒಂದು ನೋಟುಪುಸ್ತಕ. ಹ್ಯಾರಿಯೆಟ್ಟಳೊಡನೆ ಇದ್ದ ಆ ಎರಡು ಮೂರು ವರ್ಷಗಳಲ್ಲಿ ಷೆಲ್ಲಿ ತನ್ನ ಪದ್ಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಅವಳನ್ನು ಕುರಿತವು, ಎಳೆಯ ಮಗು ಅಯಾಂತಿಯನ್ನು ಕುರಿತದ್ದೂ ಅದರಲ್ಲಿವೆ. ಅಚ್ಚು ಹಾಕಿಸಬೇಕೆಂದಿದ್ದ, ಆಗಲಿಲ್ಲ. ಅವನು ಹೊರಟುಹೋದಾಗ ಪುಸ್ತಕ ಅವಳ ಹತ್ತಿರ ಉಳಿಯಿತು. ಅವನ ಅಕ್ಷರ ಮುಗಿದ ಮೇಲೆ ಕೊನೆಯ ಕೆಲವು ಪದ್ಯಗಳು ಬೇರೆ ಅಕ್ಷರದಲ್ಲಿವೆ. ಅವನ ಪದ್ಯಗಳನ್ನೇ ಹ್ಯಾರಿಯೆಟ್ ತನ್ನ ಕೈಯಿಂದ ನಕಲು ಮಾಡಿದ್ದಾಳೆ.

ಆ ಪುಸ್ತಕ ಮಗಳು ಅಯಾಂತಿಗೆ ಬಂತು. ತಮ್ಮ ಚಾರ್ಲ್ಸ್ 1826ರಲ್ಲೇ ತೀರಿಕೊಂಡ. ಅವಳು 1876ರವರೆಗೂ ಬಾಳಿದಳು. ಎಸ್ಡೇಲ್ ಎಂಬ ಮನೆತನಕ್ಕೆ ಮದುವೆಯಾಗಿ ಹೋದಳು. ಆ ಮನೆಯವರು ಪುಸ್ತಕವನ್ನು ಹೊರಗೆ ಬಿಡದೆ ತಲೆಮಾರುಗಳ ಕಾಲ ಜೋಪಾನ ಮಾಡಿದರು. ಅದು ಪೂರ್ತಿಯಾಗಿ ಅಚ್ಚಾದದ್ದು 1964ರಲ್ಲಿ; ಹ್ಯಾರಿಯೆಟ್ ತೀರಿಕೊಂಡು ಆಗಲೇ ನೂರ ನಲವತ್ತೆಂಟು ವರ್ಷವಾಗಿತ್ತು. ಅವಳಿಗೆ ಆ ಹಾಳೆಗಳನ್ನು ಹರಿಯುವುದಕ್ಕೆ ಕಾರಣವೂ ಇತ್ತು, ಎರಡು ವರ್ಷದ ಅವಕಾಶವೂ ಇತ್ತು, ಚಳಿಗಾಲದ ಒಲೆಯೂ ಇತ್ತು. ಏಕೆ ಉಳಿಸಿದಳೋ. ಮಗಳಿಗೆ ಅಪ್ಪನದೆಂದು ಏನಾದರೂ ಇರಲೆಂದೋ, ಒಂದು ಕಾಲದಲ್ಲಿ ಇದೆಲ್ಲ ತನ್ನನ್ನೇ ಕುರಿತು ನಿಜವಾಗಿತ್ತೆಂಬುದಕ್ಕೆ ಸಾಕ್ಷಿಯಾಗಿರಲೆಂದೋ.

ಮರುದಿನ ಹುಡುಗಿಯನ್ನು ಬಿಡುವಿನಲ್ಲಿ ಕರೆದು, ಹರಿ ಎಂದಾಗಲಿ ಹರಿಯಬೇಡ ಎಂದಾಗಲಿ ಹೇಳದೆ, ಈ ನೋಟುಪುಸ್ತಕದ ಕಥೆಯನ್ನು ಮಾತ್ರ ಹೇಳಿದೆ. ಡಬ್ಲಿನ್ನಿನ ಮಹಡಿಯ ಮೇಲೆ ಅವಳು ನಕ್ಕದ್ದನ್ನೂ ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತ ನಿಂತಿದ್ದಳು. ಆಮೇಲೆ ತನ್ನ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಷೆಲ್ಲಿಯ ಪದ್ಯವಿದ್ದ ಪುಟದ ಎದುರಿನ ಖಾಲಿ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

“ಸಾರ್, ಹ್ಯಾರಿಯೆಟ್ ಅನ್ನೋದಕ್ಕೆ ಕೊನೇಲಿ ಒಂದು ‘ಟಿ’ನೋ ಎರಡೋ?”

“ಒಂದೇ ಕಣಮ್ಮ,” ಎಂದೆ. “ನಡುವೆ ‘ಆರ್’ ಎರಡು.”